ಹನ್ನೊಂದೂಕಾಲು ಗಂಟೆಯ ಕೆಂಪು

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಪಾರ್ಕಿನ್ಸನ್ ಕಾಯಿಲೆಯ ವಿಷಯ ವೈದ್ಯರು ಹೇಳಬೇಕಾದದ್ದು, ಅದನ್ನು ಅಳೆಯುವ ಯಂತ್ರದ ವಿಷಯ ಎಂಜಿನಿಯರರು ಹೇಳಬೇಕಾದದ್ದು. ಎರಡೂ ಅಲ್ಲದವರು ನಡುವೆ ಬಾಯಿ ಹಾಕಿದರೆ ತಪ್ಪು ನುಸುಳದೆ ಇರುವುದಿಲ್ಲ. ಆದರೆ ನಾಗಪುರದಲ್ಲಿ ನಡೆದ ಈ ಸಂಗತಿಯ ಬೇರು ಒಂದು ಅಡುಗೆಮನೆಯಲ್ಲಿತ್ತು. ಅಡುಗೆಮನೆಯ ಸುದ್ದಿ ಹೇಳಲು ಯಾರ ಅಪ್ಪಣೆಯೂ ಬೇಡವೆಂದುಕೊಂಡು ಹೇಳಿದ್ದಾಗಿದೆ. ತಿಳಿದವರು ತಿದ್ದಿಕೊಂಡು ಓದಬೇಕು.

ಆಸ್ಪತ್ರೆಯೊಂದರ ಯೋಜನೆಯಲ್ಲಿ ರಂಜನಿಯ ಕೆಲಸ ಮನೆಮನೆಗೆ ಹೋಗಿ ಕೈಗೆ ಪಟ್ಟಿ ಕಟ್ಟುವುದು. ನೋಡಲು ಗಡಿಯಾರದ ಪಟ್ಟಿಯೇ, ಮುಳ್ಳಿಲ್ಲ, ಅಂಕಿಯಿಲ್ಲ, ಕೋಟಿನ ಗುಂಡಿಯಷ್ಟು ದಪ್ಪದ ಒಂದು ಕಪ್ಪು ಬಿಲ್ಲೆ. ಪಾರ್ಕಿನ್ಸನ್ ಇರುವವರು ಅದನ್ನು ಹಗಲೆಲ್ಲ ಕಟ್ಟಿಕೊಂಡಿದ್ದರೆ ಸಾಕು. ಕೈ ಎಷ್ಟು ನಡುಗಿತು, ಎಷ್ಟು ನಿಧಾನವಾಯಿತು, ಯಾವ ಗಳಿಗೆಯಲ್ಲಿ ಬೇಡದ ಚಲನೆ ಬಂತು ಎಂಬುದನ್ನೆಲ್ಲ ಅದು ತಾನೇ ಬರೆದುಕೊಳ್ಳುತ್ತದೆ. ಜೊತೆಗೊಂದು ಟ್ಯಾಬ್. ದಿನಕ್ಕೆ ಎರಡು ಸಲ, ಬೆಳಿಗ್ಗೆ ಮೊದಲ ಮಾತ್ರೆಗೆ ಮುಂಚೆ ಮತ್ತು ಸಂಜೆ ಆರೂವರೆಗೆ, ಅದರ ಮುಂದೆ ಕೂತು ಬೆರಳಿಗೆ ಬೆರಳು ತಾಗಿಸಬೇಕು, ಮುಷ್ಟಿ ಬಿಚ್ಚಿ ಮುಚ್ಚಬೇಕು, ಕುರ್ಚಿಯಿಂದ ಎದ್ದು ಆರು ಹೆಜ್ಜೆ ನಡೆದು ಬರಬೇಕು. ಕ್ಯಾಮೆರಾ ನೋಡಿ ಅಂಕ ಹಾಕುತ್ತದೆ. ಎಲ್ಲವೂ ಸೇರಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಂದು ಗ್ರಾಫ್ ಆಗುತ್ತದೆ. ಮೈ ಬಿಗಿದು ನಿಧಾನವಾದ ಹೊತ್ತು ನೀಲಿ. ಮಾತ್ರೆ ಹೆಚ್ಚಾಗಿ ಕೈಕಾಲು ತಮ್ಮಷ್ಟಕ್ಕೆ ತಾವೇ ಕುಣಿಯುವ ಹೊತ್ತು ಕೆಂಪು. ನೆಟ್ಟಗಿರುವ ಹೊತ್ತು ಬಿಳಿ. ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವ ಡಾಕ್ಟರಿಗಿಂತ ಮನೆಯಲ್ಲೇ ಕೂತು ದಿನವಿಡೀ ನೋಡುವ ಪಟ್ಟಿಗೆ ಹೆಚ್ಚು ಗೊತ್ತಿರುತ್ತದೆ ಎಂದು ಯೋಜನೆಯವರು ಹೇಳುತ್ತಿದ್ದರು. ಬಹಳ ಮನೆಗಳಲ್ಲಿ ಆ ಮಾತು ನಿಜವೂ ಆಗಿತ್ತು.

ರಂಜನಿಯ ಅಪ್ಪ ಗದಗಿನ ಕಡೆಯಿಂದ ರೈಲ್ವೆಯ ಹಳಿ ಕೆಲಸಕ್ಕೆ ನಾಗಪುರಕ್ಕೆ ಬಂದವರು. ಅವಳು ಹುಟ್ಟಿದ್ದು ಅಜನಿಯ ಕ್ವಾರ್ಟರ್ಸಿನಲ್ಲಿ. ಹಗಲು ಸೀತಾಬರ್ಡಿಯ ಔಷಧಿ ಅಂಗಡಿಯೊಂದರಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಕೂತು, ಎರಡು ವರ್ಷದ ಡಿಪ್ಲೊಮಾವನ್ನು ನಾಲ್ಕು ವರ್ಷದಲ್ಲಿ ಮುಗಿಸಿದವಳು. ಬೆಳಗಿನ ಕಾಲೇಜಿನವರಿಗೆ ಹೇಳಿಕೊಟ್ಟ ಯಾವುದೋ ಒಂದು ಪಾಠ ತನಗೆ ತಪ್ಪಿಹೋಗಿದೆ ಎಂಬ ಅಂಜಿಕೆ ಅವಳನ್ನು ಬಿಟ್ಟಿರಲಿಲ್ಲ. ಅದಕ್ಕೇ ಪ್ರತಿ ಫಾರ್ಮನ್ನು ಎರಡು ಸಲ ಓದುತ್ತಿದ್ದಳು, ಬೀಗವನ್ನು ಮೂರು ಸಲ ಎಳೆದು ನೋಡುತ್ತಿದ್ದಳು. ಇಷ್ಟಾದರೂ ಜನವರಿಯಲ್ಲಿ, ಮನೀಶ್ ನಗರದ ರುದ್ರಪ್ಪನವರ ಫಾರ್ಮಿನಲ್ಲಿ, ಒಂದು ತಪ್ಪು ಟಿಕ್ ಹಾಕಿದಳು.

ರುದ್ರಪ್ಪನವರಿಗೆ ಎಪ್ಪತ್ತು. ಬೈಲಹೊಂಗಲದ ಕಡೆಯವರು. ಇಲ್ಲಿಯ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ತಯಾರಾಗಿ ಬಂದ ಬಿಡಿಭಾಗಕ್ಕೆ ಅಳತೆಯ ಗೇಜ್ ಹಾಕಿ ನೋಡುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೆ ಪಕ್ಕಕ್ಕೆ ಎಸೆಯುವುದು, ಇದೇ ಅವರ ಜನ್ಮದ ಕೆಲಸ. ಕಾಯಿಲೆ ಬಂದು ಐದು ವರ್ಷವಾಗಿತ್ತು. ಹೆಂಡತಿ ಲಕ್ಷ್ಮವ್ವ ಮತ್ತು ಅವರು ಇಬ್ಬರೇ ಇದ್ದರು.

ಫಾರ್ಮಿನಲ್ಲಿ ಒಂದು ಕಲಮು ಇತ್ತು: ರೋಗಿ ಮನೆಯಲ್ಲಿ ಕೈಯಿಂದ ಮತ್ತೆ ಮತ್ತೆ ಮಾಡುವ ಕೆಲಸಗಳು ಯಾವುವು, ಎಷ್ಟು ಹೊತ್ತಿಗೆ. ಕುಟ್ಟುವುದು, ಬೀಸುವುದು, ನಾದುವುದು, ಒಗೆಯುವುದು. ಇಂಥವನ್ನು ಮೊದಲೇ ಬರೆದು ತಿಳಿಸದಿದ್ದರೆ ಪಟ್ಟಿ ಅದನ್ನೇ ರೋಗದ ಚಲನೆಯೆಂದು ತಿಳಿಯುವ ಸಂಭವವಿತ್ತು. ರಂಜನಿ ತಲೆಯೆತ್ತಿ ನೋಡಿದಳು. ಬಿಳಿ ಪಂಚೆ, ಹಣೆಗೆ ಮೂರೆಳೆ ವಿಭೂತಿ, ಕೈಯಿರುವ ಕುರ್ಚಿಯಲ್ಲಿ ನೆಟ್ಟಗೆ ಕೂತ ಹಿರಿಯರು. ಇಂಥ ಗಂಡಸರ ಕೈಕೆಳಗೇ ಅವಳು ಬೆಳೆದಿದ್ದಳು. ಉಂಡ ತಾಟನ್ನೂ ಎತ್ತಿಡದವರಿಗೆ ಕುಟ್ಟುತ್ತೀರಾ, ನಾದುತ್ತೀರಾ ಎಂದು ಕೇಳುವುದು ಮರ್ಯಾದೆಯಾಗಿ ಕಾಣಲಿಲ್ಲ. 'ಇಲ್ಲ' ಎಂಬಲ್ಲಿ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದಳು. ಮರಾಠಿಯವಳೋ ಪಂಜಾಬಿಯವಳೋ ಆಗಿದ್ದರೆ ಕೇಳಿಬಿಡುತ್ತಿದ್ದಳೇನೋ. ನಮ್ಮವಳಾದದ್ದರಿಂದ ಕೇಳಲಿಲ್ಲ.

ಫೆಬ್ರವರಿಯ ಗ್ರಾಫಿನಲ್ಲಿ ಹೆಚ್ಚುಕಡಿಮೆ ದಿನವೂ ಹನ್ನೊಂದೂಕಾಲರಿಂದ ಹನ್ನೆರಡರವರೆಗೆ ದಟ್ಟ ಕೆಂಪು ಬಂತು. ಡಾಕ್ಟರ್ ಶ್ರೀಹರ್ಷ ಮೈಸೂರಿನವರು, ಬೆಂಗಳೂರಿನಿಂದ ಎರಡು ವರ್ಷದ ಹಿಂದೆ ಈ ಊರಿಗೆ ಬಂದವರು, ಯೋಜನೆಯ ಮುಖ್ಯಸ್ಥರು. ಹತ್ತೂವರೆಯ ಮಾತ್ರೆ ಮೈಗೆ ಹತ್ತುವ ಹೊತ್ತಿಗೆ ಸರಿಯಾಗಿ ಕೆಂಪು ಏಳುತ್ತಿದೆ, ಅಂದರೆ ಬೆಳಗಿನ ಔಷಧ ಹೆಚ್ಚಾಗಿದೆ ಎಂದು ಅವರು ಓದಿದರು. ಯಾರು ಓದಿದರೂ ಹಾಗೇ ಓದುತ್ತಿದ್ದರು. ಏಳು ಗಂಟೆಯದನ್ನೂ ಹತ್ತೂವರೆಯದನ್ನೂ ಅರ್ಧರ್ಧ ಮಾಡಿದರು. ಮಾರ್ಚ್ ಮುಗಿಯುವಷ್ಟರಲ್ಲಿ ಕೆಂಪು ಅಳಿಸಿಹೋಯಿತು. ವರದಿಯಲ್ಲಿ 'ಗಮನಾರ್ಹ ಸುಧಾರಣೆ' ಎಂದು ಬಂತು.

ಏಪ್ರಿಲ್ ಬಂದಾಗ ಬಿಸಿಲು ನಲವತ್ತಮೂರು ಡಿಗ್ರಿ ದಾಟಿದ್ದರಿಂದ ಮಧ್ಯಾಹ್ನದ ಭೇಟಿಗಳನ್ನೆಲ್ಲ ಬೆಳಗಿಗೆ ತಂದರು. ಹಾಗಾಗಿ ರಂಜನಿ ಒಂದು ಶನಿವಾರ, ಯಾವತ್ತೂ ನಾಲ್ಕಕ್ಕೆ ಹೋಗುತ್ತಿದ್ದವಳು, ಹನ್ನೊಂದೂವರೆಗೇ ರುದ್ರಪ್ಪನವರ ಮನೆ ಬಾಗಿಲಲ್ಲಿ ನಿಂತಳು. ಮೆಟ್ರೋ ಇಳಿದು ಆಟೋ ಸಿಗದೆ ನಡೆದು ಬಂದು ಗಂಟಲು ಒಣಗಿತ್ತು.

"ಬರ್ರಿ, ಬರ್ರಿ. ಕೂಲರ್ ಮುಂದ ಕುಂದರ್ರಿ," ಎಂದರು ಲಕ್ಷ್ಮವ್ವ. "ಇವರು ಅಡ್ಡ ಕುಂತಾರ, ಗಾಳಿ ಬರಾಂಗಿಲ್ಲ. ಸರೀರಿ ಅಂದ್ರ ಸರಿಯೂದಿಲ್ಲ."

ತಮಾಷೆಯಂತೆ ಹೇಳಿದ ಮಾತು. ಆದರೆ ರುದ್ರಪ್ಪ ನಿಜಕ್ಕೂ ಸರಿಯಲಾಗದೆ ಕೂತಿದ್ದರು. ಮುಖದ ಮೇಲೆ ಮೇಣ ಹಚ್ಚಿದಂತಿತ್ತು. ಕಣ್ಣಷ್ಟೇ ಅವಳ ಕಡೆ ತಿರುಗಿತು.

"ಹೆಂಗದೀರಿ ಅಜ್ಜಾರ?"

"ಚಲೋ ಅದೀನಿ." ಮಾತು ನೆಲದೊಳಗಿಂದ ಬಂದಂತೆ ಸಣ್ಣಗೆ ಬಂತು. "ನಿಮ್ಮ ರಿಪೋರ್ಟನ್ಯಾಗ ಬಂದೈತಲ್ಲ. ಬರೋಬರ್ ಐತಿ ಅಂತ."

"ರಿಪೋರ್ಟ್ ಇರ್ಲಿ, ನಿಮಗ ಹೆಂಗನಿಸ್ತೈತಿ?"

"ನನಗನಿಸೂದು ಯಾಕ ಬೇಕು? ಮನುಷ್ಯಾಗ ಸುಳ್ಳು ಹೇಳಾಕ ಬರ್ತೈತಿ. ಗೇಜಿಗೆ ಬರೂದಿಲ್ಲ."

ಲಕ್ಷ್ಮವ್ವ ಅವಳನ್ನು ಒಳಗೆ ಕರೆದರು. ಬಚ್ಚಲ ಹೊಸ್ತಿಲ ಮೇಲೆ ಮೊನ್ನೆ ಕಾಲು ಅಂಟಿಕೊಂಡು ಅರ್ಧ ಗಂಟೆ ನಿಂತೇ ಇದ್ದರಂತೆ. ನಿನ್ನೆ ಎದ್ದೇಳಲು ಹೋಗಿ ಕುರ್ಚಿ ಸಮೇತ ವಾಲಿದ್ದರಂತೆ. "ಹನ್ನೊಂದರಿಂದ ಎರಡರ ತನಕ ಕಲ್ಲು. ಹೇಳಬ್ಯಾಡ ಅಂದಾರ. ಹೇಳೀನಿ ಅಂತ ಹೇಳಬ್ಯಾಡ್ರಿ," ಎಂದು ಹೇಳುತ್ತಲೇ ತಟ್ಟೆ ಹಾಕಿದರು. "ಊಟಾ ಮಾಡಿ ಹೋಗ್ರಿ. ಚಪಾತಿ ಅದಾವ."

"ಈ ಮನ್ಯಾಗ ಚಪಾತಿ? ನಿಮ್ಮ ರೊಟ್ಟಿ ಹೊಗಳಲಾರದವ್ರಿಲ್ಲ. ಹೋದ ವರ್ಷ ಕನ್ನಡ ಸಂಘದಾಗ ಬಸವ ಜಯಂತಿಗೆ ನಿಮ್ಮ ರೊಟ್ಟಿಗೆ ಮಂದಿ ಸಾಲು ಹಚ್ಚಿದ್ರಂತ."

ಲಕ್ಷ್ಮವ್ವ ಪಲ್ಯ ಬಡಿಸಲು ಕೈ ಚಾಚಿದ್ದರು. ಆಗ ರಂಜನಿ ನೋಡಿದಳು. ಬಲ ಮಣಿಕಟ್ಟು ಒಂದು ಕಡೆಗೆ ಸೊಟ್ಟಗಿತ್ತು, ಉದ್ದಕ್ಕೂ ಹೊಲಿಗೆಯ ಗುರುತು. ಇಷ್ಟು ಸಲ ಬಂದರೂ ರೋಗಿಯ ಕೈ ನೋಡಿದ್ದಳೇ ಹೊರತು ಈ ಕೈಯನ್ನು ನೋಡಿರಲಿಲ್ಲ.

"ಇದು ಯಾವಾಗ ಆತು?"

"ನಾಕು ವರ್ಷಾತು. ಬಚ್ಚಲದಾಗ ಬಿದ್ದೆ. ಒಳಗ ತಂತಿ ಐತಿ. ಚಮಚಾ ಹಿಡೀತೈತಿ, ಚಪಾತಿ ಹಂಗೂ ಹಿಂಗೂ ಲಟ್ಟಸ್ತೈತಿ."

"ಹಂಗಾರ ರೊಟ್ಟಿ ಬಡಿಯೋರು ಯಾರು?"

ಲಕ್ಷ್ಮವ್ವ ನಡುಮನೆಯ ಕಡೆ ನೋಡಿದರು. ಅಲ್ಲಿಂದ ಮೇಣದ ಮುಖ ಇವರ ಕಡೆಗೇ ತಿರುಗಿತ್ತು. ರಂಜನಿ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು.

ನಡೆದದ್ದು ಹೀಗೆ. ಹೆಂಡತಿಯ ಕೈ ಮುರಿದಾಗ ರುದ್ರಪ್ಪ ಎಂಟು ದಿನ ಅಂಗಡಿಯ ರೊಟ್ಟಿ ತಿಂದರು. ಒಂಬತ್ತನೆಯ ದಿನ, "ದಪ್ಪ ಒಂದ ಸಮ ಇಲ್ಲ, ಇದನ್ನ ನಾ ಪಾಸ್ ಮಾಡೂದಿಲ್ಲ," ಎಂದು ತಾಟು ಸರಿಸಿ, ಬಾಗಿಲು ಹಾಕಿಕೊಂಡು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತರು. ಲಕ್ಷ್ಮವ್ವ ಬಾಯಲ್ಲಿ ಹೇಳಿಕೊಟ್ಟರು, ಅವರು ಕೈಯಲ್ಲಿ ಕಲಿತರು. ತಿಂಗಳಲ್ಲಿ ಹೆಂಡತಿಯನ್ನು ಮೀರಿಸಿದರು. ದಿನಾ ಹನ್ನೊಂದೂಕಾಲಕ್ಕೆ ಬಾಗಿಲು ಮುಚ್ಚುತ್ತಿತ್ತು, ಒಳಗೆ ತಪತಪ ಸದ್ದು ಏಳುತ್ತಿತ್ತು. ವಿಚಿತ್ರವೆಂದರೆ, ನಡುಗುವ ಕೈ ಹಿಟ್ಟಿನ ಮೇಲೆ ಬಿದ್ದಾಗ ನಡುಗುತ್ತಿರಲಿಲ್ಲ. ಆ ತಾಳ ಹಿಡಿದರೆ ಮೈಯೇ ಹಗುರಾಗುತ್ತಿತ್ತಂತೆ. ಆದರೆ ತಪಾಸಣೆ ಸಾಹೇಬರು ರೊಟ್ಟಿ ಬಡಿಯುತ್ತಾರೆಂದು ಹೊರಗೆ ಗೊತ್ತಾಗಕೂಡದು. ಹೊಗಳಿಕೆಯನ್ನೆಲ್ಲ ಲಕ್ಷ್ಮವ್ವ ತಾವೇ ಹೊತ್ತರು.

ಮಾತ್ರೆ ಅರ್ಧವಾದ ಮೇಲೆ ಹನ್ನೊಂದಕ್ಕೆ ಕೈ ಏಳಲಿಲ್ಲ. ರೊಟ್ಟಿ ನಿಂತಿತು. ಕೆಂಪೂ ನಿಂತಿತು. ಆ ಹೊತ್ತಿಗೆ ಟ್ಯಾಬಿನ ಪರೀಕ್ಷೆ ಇರಲಿಲ್ಲ; ಕಲ್ಲಾಗಿ ಕೂತ ಕೈಯನ್ನು ಪಟ್ಟಿ ವಿಶ್ರಾಂತಿಯ ಕೈಯೆಂದು ತಿಳಿದು ಬಿಳಿ ಹಾಕಿತು, ಯಂತ್ರ ಅದನ್ನೇ ಸುಧಾರಣೆ ಎಂದು ಬರೆಯಿತು.

ಆಸ್ಪತ್ರೆಗೆ ಮರಳಿ ರಂಜನಿ ಫೆಬ್ರವರಿಯ ಗ್ರಾಫನ್ನು ದಿನದಿನವಾಗಿ ತೆಗೆದಳು. ನಾಲ್ಕು ದಿನ ಹನ್ನೊಂದೂಕಾಲಕ್ಕೆ ಕೆಂಪು ಇರಲಿಲ್ಲ, ಅದು ಸಂಜೆ ಏಳಕ್ಕೆ ಸರಿದಿತ್ತು. ಮೊದಲು ನೋಡಿದಾಗ ಅದನ್ನು ಯಂತ್ರದ ಎಡವಟ್ಟು ಎಂದುಕೊಂಡಿದ್ದಳು. ಈಗ ತಾರೀಖು ನೋಡಿದಳು. ನಾಲ್ಕೂ ಸೋಮವಾರ. ಸೋಮವಾರ ಅವರ ಮನೆಯಲ್ಲಿ ಒಪ್ಪತ್ತು; ಸಂಜೆ ಪೂಜೆ ಮುಗಿದ ಮೇಲೆ ಒಂದೇ ಊಟ. ಮಾತ್ರೆ ಹೆಚ್ಚಾದ ಮೈಗೆ ವಾರದ ಲೆಕ್ಕ ಇರುವುದಿಲ್ಲ. ರೊಟ್ಟಿಗೆ ಇರುತ್ತದೆ.

ಟಿಕ್ ಹಾಕಿದವಳು ತಾನು. ಅದನ್ನು ಒಪ್ಪಿಕೊಂಡರೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಯೋಚನೆ ಬಂತು, ಬರದೆ ಇರಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು: ಶುಕ್ರವಾರ ಮರುಪರಿಶೀಲನೆಯಿದೆ, ಈ 'ಸುಧಾರಣೆ' ನೋಡಿ ಮಧ್ಯಾಹ್ನದ ಮಾತ್ರೆಯನ್ನೂ ಕತ್ತರಿಸಬಹುದು. ಆಗ ಹನ್ನೊಂದರಿಂದ ಎರಡರವರೆಗಿನ ಕಲ್ಲು ಸಂಜೆಯವರೆಗೂ ಕಲ್ಲಾಗುತ್ತದೆ. ಒಂದು ಕೈಯ ಲಕ್ಷ್ಮವ್ವ ಅದನ್ನು ಎತ್ತಬೇಕು. ರಂಜನಿ ಹೆಚ್ಚಿಗೆ ಇದ್ದ ಕೈಪಟ್ಟಿಯೊಂದನ್ನು ಸಹಿ ಮಾಡಿ ಪಡೆದು ಮನೆಗೆ ಒಯ್ದಳು.

ಭಾನುವಾರ ಬೆಳಿಗ್ಗೆ ಅದನ್ನು ತನ್ನ ಬಲಗೈಗೆ ಕಟ್ಟಿಕೊಂಡು ಜೋಳದ ಹಿಟ್ಟು ನಾದಿಕೊಂಡು ಕೂತಳು. ರೊಟ್ಟಿ ಬಡಿದು ಎಷ್ಟು ವರ್ಷವಾಗಿತ್ತೋ. ಮೊದಲನೆಯದು ಎತ್ತುವಾಗಲೇ ಹರಿಯಿತು. ಎರಡನೆಯದು ತವೆಯ ಮೇಲೆ ಹರಿಯಿತು.

ಅವಳ ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ರೊಟ್ಟಿ ಬಡಿಯಾಕ ಗಡಿಯಾರ ಯಾಕವಾ? ಮುಹೂರ್ತ ನೋಡಿ ಹರೀತಿ ಏನು?"

"ಸುಮ್ಮನಿರಬೇ."

"ಇದು ನೋಡು, ಕರ್ನಾಟಕದ ನಕಾಶಿ ಆಗೈತಿ. ಬೀದರ ಸ್ವಲ್ಪ ಉದ್ದಾತು."

ತಾಳ ಒಡೆದರೆ ಲೆಕ್ಕಕ್ಕೆ ಬಾರದು ಎಂದು ರಂಜನಿಗೆ ಗೊತ್ತಿತ್ತು. ಐದು ಹರಿದವು. ಆರನೆಯದು ತಿರುಗಿತು. ಅಲ್ಲಿಂದ ಹನ್ನೆರಡನೆಯದರವರೆಗೆ ಕೈ ತಾನಾಗಿ ನಡೆಯಿತು. ಪಟ್ಟಿಯನ್ನು ಟ್ಯಾಬಿಗೆ ಜೋಡಿಸಿ ನೋಡಿದಾಗ ತನ್ನ ಹೆಸರಿನ ಮುಂದೆ ಇಪ್ಪತ್ತೆರಡು ನಿಮಿಷ ಕೆಂಪು ಎದ್ದಿತ್ತು. ಇಪ್ಪತ್ತೊಂಬತ್ತು ವರ್ಷದ, ಯಾವ ಕಾಯಿಲೆಯೂ ಇಲ್ಲದ ಕೈಗೆ ತೀವ್ರ ಅನೈಚ್ಛಿಕ ಚಲನೆ.

ಸೋಮವಾರ ಡಾಕ್ಟರ ಕೋಣೆಯ ಹೊರಗೆ ನಿಂತು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡಳು. ಒಳಗೆ ಹೋದ ಮೇಲೆ ಅದರಲ್ಲಿ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ.

"ರುದ್ರಪ್ಪನವರದ್ದಾ? ಚೆನ್ನಾಗಿ ಬಂದಿದೆಯಲ್ಲ," ಎಂದರು ಶ್ರೀಹರ್ಷ. "ಎರಡು ಗಂಟೆದೂ ಸ್ವಲ್ಪ ಇಳಿಸಿ ನೋಡೋಣ ಅಂತಿದ್ದೆ."

"ಅವರು ಚಲೋ ಇಲ್ಲ ಸರ್."

"ಅವರೇ ಫೋನಲ್ಲಿ ಚೆನ್ನಾಗಿದ್ದೀನಿ ಅಂದ್ರು."

"ಅವರು ಗ್ರಾಫ್ ನೋಡಿ ಹೇಳ್ತಾರ. ನೀವೂ ಗ್ರಾಫ್ ನೋಡಿ ಹೇಳ್ತೀರಿ." ಹೇಳಿದ ಮೇಲೆ ತಾನೇ ಬೆಚ್ಚಿದಳು, ಆದರೆ ನಿಲ್ಲಿಸಲಿಲ್ಲ. "ಅದು ರೊಟ್ಟಿ ಸರ್. ಕೆಂಪು ಬಂದದ್ದು ರೊಟ್ಟಿ ಬಡಿದದ್ದಕ್ಕ."

"ರೊಟ್ಟಿ ತಟ್ಟೋದಾ? ನಮ್ಮನೇಲೂ ತಟ್ತಾರೆ, ಬಾಣಲೆ ಮೇಲೆ. ಎರಡು ನಿಮಿಷದ ಕೆಲಸ."

"ತಟ್ಟೂದಲ್ಲ, ಬಡಿಯೂದು. ಮುಕ್ಕಾಲು ತಾಸು, ಒಂದ ತಾಳಕ್ಕ." ಮೇಜಿನ ಮೇಲೆ ಬಡಿದು ತೋರಿಸಿದಳು. ಪೆನ್ನುಗಳ ಡಬ್ಬಿ ಕುಣಿಯಿತು. ಸೋಮವಾರಗಳ ಗ್ರಾಫ್ ಇಟ್ಟಳು. ಅದರ ಪಕ್ಕ ತನ್ನ ಕೈಯ ಗ್ರಾಫ್ ಇಟ್ಟಳು.

ಶ್ರೀಹರ್ಷ ಎರಡನ್ನೂ ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಜನವರಿಯ ಫಾರ್ಮ್ ತೆಗೆದರು. "ಇಲ್ಲಿ 'ಇಲ್ಲ' ಅಂತಿದೆ."

"ನಾನ ಹಾಕಿದ್ದು ಸರ್. ಕೇಳದ ಹಾಕಿದೆ."

"ಕೇಳದೆ?"

"ಹೌದು ಸರ್. ತಿದ್ದುಪಡಿ ಪತ್ರ ಬರದು ತಂದೀನಿ. ನನ್ನ ಹೆಸರಲೇ ಐತಿ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಿಮ್ಮ ಕೈ ನಿಮ್ಮ ಕೈ. ಅದರಿಂದ ಅವರ ಕೈ ವಿಷಯ ತೀರ್ಮಾನ ಮಾಡಕ್ಕಾಗಲ್ಲ," ಎಂದರು. "ಮಾತ್ರೆ ಹತ್ತು ದಿನ ಹಳೇ ಪ್ರಮಾಣಕ್ಕೆ ತರ್ತೀನಿ. ಆದರೆ ಅವರು ರೊಟ್ಟಿ ಮಾಡೋವಾಗ ಟ್ಯಾಬ್ ಎದುರಿಗಿರಬೇಕು. ಕತ್ತು, ಹೆಗಲು, ಕಾಲು ಎಲ್ಲ ಕಾಣಬೇಕು. ಕೆಂಪು ಬರೋ ಹೊತ್ತಲ್ಲಿ ಮೈ ಕುಣೀತಿಲ್ಲ ಅಂತ ನಾನು ಕಣ್ಣಾರೆ ನೋಡಬೇಕು. ನೋಡದೆ ಹೆಚ್ಚಿಗೆ ಔಷಧ ಮುಂದುವರಿಸೋದು ಅಪಾಯ. ಒಪ್ಪಿಸ್ತೀರಾ?"

ಒಪ್ಪಿಸುತ್ತೇನೆ ಎಂದು ಬಂದಳು. ಒಪ್ಪಿಸುವುದು ಡಾಕ್ಟರಿಗೆ ಹೇಳಿದಷ್ಟು ಸುಲಭವಿರಲಿಲ್ಲ.

ಮಂಗಳವಾರ ಸಂಜೆ, ಐದೂವರೆಯ ಮಾತ್ರೆ ಹತ್ತಿ ರುದ್ರಪ್ಪನವರಿಗೆ ಮಾತು ಬರುವ ಹೊತ್ತು ನೋಡಿಕೊಂಡು ಹೋದಳು. ವಿಷಯ ಕೇಳಿದ ಕೂಡಲೇ ಅವರು ಹೆಂಡತಿಯ ಕಡೆ ತಿರುಗಿದರು.

"ಹೇಳಿಬಿಟ್ಟಿಯೇನು?"

"ನಾ ಹೇಳಿಲ್ಲ. ಕೈ ಹೇಳ್ತು," ಎಂದರು ಲಕ್ಷ್ಮವ್ವ, ಸೊಟ್ಟ ಕೈ ತೋರಿಸಿ.

"ವಿಡಿಯೋ ಗಿಡಿಯೋ ಆಗೂದಿಲ್ಲ ರಂಜನಿ. ಮಾತ್ರೀನೂ ಬ್ಯಾಡ. ಗೇಜ್ ಬರೋಬರ್ ಅಂದೈತಿ. ಮೂವತ್ತೊಂದು ವರ್ಷ ಗೇಜ್ ಅಂದಿದ್ದಕ್ಕ ನಾ ಎದುರು ಹೇಳಿಲ್ಲ. ಈಗ ನನ್ನ ಮೈ ಮಾತು ಕೇಳಿ ಗೇಜ್ ಸುಳ್ಳು ಅಂತ ಅನ್ನೂದಿಲ್ಲ."

ರಂಜನಿಗೆ ಎದ್ದು ಹೋಗಬೇಕೆನಿಸಿತು. ಆದರೆ ಇಡೀ ಗಂಟು ಇರುವುದು ಇಲ್ಲೇ, ಈ ಮಾತಿನಲ್ಲೇ ಎಂದೂ ಅನಿಸಿತು. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು.

"ಅಜ್ಜಾರ, ಫ್ಯಾಕ್ಟರಿಯಾಗ ಗೇಜ್ ಸವದಿದ್ರ ನಿಮಗ ಹೆಂಗ ಗೊತ್ತಾಗ್ತಿತ್ತು?"

"ಮಾಸ್ಟರ್ ಪೀಸ್ ಇರ್ತಿತ್ತು. ಅದರ ಅಳತಿ ಮೊದಲ ಗೊತ್ತಿರ್ತೈತಿ. ವಾರಕ್ಕೊಮ್ಮೆ ಅದಕ್ಕ ಗೇಜ್ ಹಾಕಿ ನೋಡೂದು. ಹೆಚ್ಚುಕಡಿಮಿ ತೋರಿಸ್ತು ಅಂದ್ರ ಗೇಜಿಗೆ ಚೀಟಿ ಹಚ್ಚಿ ತಗದಿಡೂದು."

"ತಗದಿಟ್ರ ಗೇಜಿಗೆ ಅಪಮಾನ ಆಗ್ತಿತ್ತೇನ್ರಿ?"

"ಅಪಮಾನ ಎಂಥಾದ್ದು? ನೋಡಲಾರದ ಬಿಟ್ರ ತಪಾಸಣಿ ಮಾಡಾಂವಗ ಅಪಮಾನ."

"ನನ್ನ ಕೈಗೆ ರೋಗ ಇಲ್ಲ. ಅಳತಿ ಮೊದಲ ಗೊತ್ತು. ಭಾನುವಾರ ಇಂಥಾದ್ದ ಒಂದು ಗೇಜ್ ನನ್ನ ಕೈಗೆ ಹಾಕಿದೆ, ರೊಟ್ಟಿ ಬಡದೆ. ನೋಡ್ರಿ ಏನು ತೋರಿಸ್ತು."

ರುದ್ರಪ್ಪ ಕನ್ನಡಕ ಕೇಳಿದರು. ಲಕ್ಷ್ಮವ್ವ ಸೆರಗಿನಲ್ಲಿ ಒರೆಸಿ ಕೊಟ್ಟರು. ಅವರು ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಗ್ರಾಫನ್ನು ಎಡದಿಂದ ಬಲಕ್ಕೆ ಓದಿದರು, ಮತ್ತೆ ಮೊದಲಿಂದ ಓದಿದರು.

"ನಿನಗೂ ರೋಗ ಐತಿ ಅಂತೈತಿ ಇದು."

"ಹೂಂ ರೀ."

"ಎಷ್ಟು ಬಡದಿ?"

"ಹನ್ನೆರಡು."

"ಹರದುವು ಎಷ್ಟು?"

"ಐದು."

"ನಾಚಿಕಿ ಇಲ್ಲದಾಕಿ," ಎಂದರು. ಮೇಣದ ಮುಖದ ಒಂದು ತುದಿ ಅಲುಗಿತು, ಅದು ನಗು. ಆದರೆ ಬೇಗ ಹೋಯಿತು. "ವಿಡಿಯೋದಾಗ ಮುಖ ಬರ್ತೈತೇನು?"

"ಬರ್ತೈತ್ರಿ. ಕತ್ತು, ಹೆಗಲು ಕಾಣಬೇಕು ಅಂದಾರ. ಡಾಕ್ಟರು ನೋಡ್ತಾರ, ಯೋಜನೆಯವರು ಇಬ್ಬರು ಮೂವರು ನೋಡಬಹುದು. ಯಾರೂ ನೋಡೂದಿಲ್ಲ ಅಂತ ನಾ ಸುಳ್ಳು ಹೇಳೂದಿಲ್ಲ."

"ಹಂಗಾರ ಬ್ಯಾಡ."

ಆಗ ಲಕ್ಷ್ಮವ್ವ ಅವರ ಕುರ್ಚಿಯ ಎದುರಿಗೆ ನೆಲದ ಮೇಲೆ ಕೂತರು. "ನಾಕು ವರ್ಷ ಮಂದಿ ನನ್ನ ರೊಟ್ಟಿ ಹೊಗಳ್ಯಾರ. ಮಾಡಲಾರದ ರೊಟ್ಟಿಗೆ ನಾ ಹೂಂ ಅಂದೀನಿ. ನಿಮ್ಮ ಮಾನ ಉಳೀಲಿ ಅಂತ ದಿನಾ ಸುಳ್ಳು ಹೇಳೀನಿ, ಬ್ಯಾಸರ ಮಾಡಿಕೊಂಡಿಲ್ಲ. ಮೊನ್ನೆ ನೀವು ಹೊಸ್ತಿಲದಾಗ ನಿಂತಾಗ ನಿಮ್ಮನ್ನ ಹಿಡಿಯಾಕ ನನ್ನ ಹತ್ರ ಇದ್ದದ್ದು ಒಂದ ಕೈ. ನೀವು ಬಿದ್ದಿದ್ರ ನಾ ಯಾರನ್ನ ಕರೀಲಿ? ಏನಂತ ಹೇಳ್ಲಿ? ಗೇಜ್ ಬರೋಬರ್ ಐತಿ ಅಂತ ಹೇಳ್ಲೇನು?"

ರುದ್ರಪ್ಪನವರ ಎಡಗೈ ಕುರ್ಚಿಯ ಹಿಡಿಯ ಮೇಲೆ ನಡುಗುತ್ತಿತ್ತು. ಅದನ್ನು ಬಲಗೈಯಿಂದ ಒತ್ತಿ ಹಿಡಿದರು.

"ಫಾರ್ಮ್ ತಂದಿಯೇನು?" ಎಂದು ಕೊನೆಗೆ ಕೇಳಿದರು.

"ತಂದೀನ್ರಿ."

"ಬರೀ. ದಿನಾ ಹನ್ನೊಂದೂಕಾಲಕ್ಕೆ ರೊಟ್ಟಿ ಬಡಿಯುವುದು. ಸೋಮವಾರ ಸಂಜೆ ಏಳಕ್ಕೆ. ಬಡಿಯುವವರು..." ಫ್ಯಾಕ್ಟರಿಯ ರಿಜಿಸ್ಟರಿಗೆ ಹೇಳುವಂತೆ ಹೆಸರನ್ನು ಪೂರ್ತಿ ಹೇಳಿದರು, ಅಪ್ಪನ ಹೆಸರು, ಊರಿನ ಹೆಸರು ಸಮೇತ. ರಂಜನಿ ಬರೆದಳು. ಸಹಿಗೆ ಪೆನ್ನು ಕೊಟ್ಟಾಗ ಅಕ್ಷರಗಳು ಇರುವೆಯಷ್ಟು ಸಣ್ಣಗಾದವು, ಆದರೂ ಯಾರಿಗೂ ಕೈ ಹಿಡಿಯಲು ಬಿಡಲಿಲ್ಲ.

ಪೂರ್ತಿ ಮಾತ್ರೆ ಮರುದಿನ ಬೆಳಿಗ್ಗೆಯಿಂದ ಶುರುವಾಯಿತು. ಮೊದಲೆರಡು ದಿನ ಏನೂ ಆಗಲಿಲ್ಲ. ರಂಜನಿ ದಿನಕ್ಕೆ ಮೂರು ಸಲ ಫೋನು ಮಾಡಿ ಲಕ್ಷ್ಮವ್ವನವರಿಂದ ಬೈಸಿಕೊಂಡಳು. ಮೂರನೆಯ ದಿನ ಹನ್ನೊಂದಕ್ಕೆ ಅವರು ತಾವಾಗಿ ಎದ್ದರು. ಆರನೆಯ ದಿನ, ಸೋಮವಾರ, ಸಂಜೆ ಏಳಕ್ಕೆ ಕೊಣಮಿಗೆ ಎಳೆದುಕೊಂಡು ಎರಡು ರೊಟ್ಟಿ ಬಡಿದರು. ಎಂಟನೆಯ ದಿನ ಹನ್ನೊಂದಕ್ಕೆ ರಂಜನಿ ಟ್ಯಾಬನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ರುದ್ರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂತರು.

"ಅಡುಗಿಮನ್ಯಾಗ ಇಸ್ತ್ರಿ ಅಂಗಿ," ಎಂದರು ಲಕ್ಷ್ಮವ್ವ. "ಬೀಗರು ನೋಡಾಕ ಬರ್ತಾರ ಅನ್ನಂಗ."

"ನೀ ಹಿಟ್ಟು ಕೊಡು."

ಬಡಿಯಲು ತೊಡಗಿದರು. ಕೈ ಬಿದ್ದಲ್ಲೇ ಬೀಳಲಿಲ್ಲ, ಅಂಚಿನಿಂದ ಅಂಚಿಗೆ ಸರಿಯುತ್ತ ಹೋಯಿತು, ಹಿಟ್ಟು ತಾನಾಗಿ ತಿರುಗುತ್ತ ಅಗಲವಾಯಿತು. ಹೆಗಲು ಕದಲಲಿಲ್ಲ. ಕತ್ತು ಕದಲಲಿಲ್ಲ. ಒಂಬತ್ತು ರೊಟ್ಟಿ, ಒಂದೂ ಹರಿಯಲಿಲ್ಲ. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ದಪ್ಪ ನೋಡಿಯೇ ತವೆಗೆ ಹಾಕಿದರು. ಅತ್ತ ಗ್ರಾಫಿನಲ್ಲಿ ಅದೇ ದಟ್ಟ ಕೆಂಪು ಏಳುತ್ತಿತ್ತು.

ಎಲ್ಲ ಮುಗಿದು ಕೈ ಒರೆಸಿಕೊಂಡು ಕೂತ ಮೇಲೆ, ರಂಜನಿ ಟ್ಯಾಬ್ ಆರಿಸಲು ಹೋದವಳು ಕೈ ಹಿಂದೆಗೆದಳು. ರುದ್ರಪ್ಪನವರ ಎಡಪಾದ ಮೆಲ್ಲಗೆ ಒಳಕ್ಕೆ ಹೊರಕ್ಕೆ ಹೊರಳುತ್ತಿತ್ತು. ಕತ್ತು ಗಾಳಿಗೆ ತೂಗುವ ಹೂವಿನಷ್ಟು ತೂಗುತ್ತಿತ್ತು. ಇದು ರೊಟ್ಟಿಯದಲ್ಲ, ಮಾತ್ರೆಯದು. ಆರಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ವಾದ ಪೂರ್ತಿ ಗೆದ್ದಂತಾಗುತ್ತಿತ್ತು. ಅವಳು ಆರಿಸಲಿಲ್ಲ. ಆ ಚಲನೆ ತಾನಾಗಿ ನಿಲ್ಲುವವರೆಗೆ, ನಾಲ್ಕು ನಿಮಿಷ, ಚಿತ್ರ ತೆಗೆದಳು.

ಶ್ರೀಹರ್ಷ ಪೂರ್ತಿ ನೋಡಿದರು. ರೊಟ್ಟಿಯ ಭಾಗವನ್ನು ಎರಡು ಸಲ, ಕೊನೆಯ ನಾಲ್ಕು ನಿಮಿಷವನ್ನು ಮೂರು ಸಲ. "ಯಂತ್ರ ಇದಕ್ಕೂ ಅದಕ್ಕೂ ಒಂದೇ ಬಣ್ಣ ಹಾಕಿದೆ," ಎಂದರು. "ಮಾತ್ರೆ ಹಳೇ ಪ್ರಮಾಣದಲ್ಲೇ ಇರಲಿ. ಎರಡು ಗಂಟೆದು ಮುಟ್ಟಲ್ಲ. ದಿನಾ ಹನ್ನೆರಡಕ್ಕೊಂದು ಟ್ಯಾಬ್ ಪರೀಕ್ಷೆ ಸೇರಿಸಿ. ಮೂರು ವಾರ ನೋಡೋಣ." ತಿದ್ದುಪಡಿ ಪತ್ರಕ್ಕೆ ರುಜು ಹಾಕಿ, "ಉಳಿದ ಮನೆಗಳಲ್ಲೂ ಕೇಳದೆ ಟಿಕ್ ಹಾಕಿದ್ದೀರಾ?" ಎಂದು ಕೇಳಿದರು.

"ಗೊತ್ತಿಲ್ಲ ಸರ್. ಕೆಲವು ಇರಬಹುದು. ಎಲ್ಲಾ ಕಡೆ ಮತ್ತೊಮ್ಮೆ ಕೇಳ್ತೀನಿ."

ಮೂವತ್ತೆಂಟು ಮನೆ. ಬಿಸಿಲಿನಲ್ಲಿ ಒಂದೊಂದಾಗಿ ತಿರುಗಿ ಕೇಳಿದಳು. ಕೇಳುವಾಗ ನಾಲಿಗೆ ತೊದಲುತ್ತಿತ್ತು, ಆದರೂ ಕೇಳಿದಳು. ಬುಟಿಬೋರಿಯ ಹತ್ತಿರ ಒಬ್ಬ ಹಿರಿಯರು ದಿನಾ ಒಂದು ತಾಸು ಜಪಮಣಿ ಎಣಿಸುತ್ತಿದ್ದರು. ಇನ್ನೊಬ್ಬರು ಸೊಸೆಗೆ ಗೊತ್ತಾಗದಂತೆ ತಮ್ಮ ಬಟ್ಟೆ ತಾವೇ ಕುಕ್ಕಿ ಒಗೆಯುತ್ತಿದ್ದರು. ಎಲ್ಲವನ್ನೂ ಬರೆದಳು.

ರುದ್ರಪ್ಪ ಈಗ ಹನ್ನೊಂದೂಕಾಲಕ್ಕೆ ಯಾರ ಕೈಯನ್ನೂ ಹಿಡಿಯದೆ ಅಡುಗೆಮನೆಗೆ ನಡೆದು ಹೋಗುತ್ತಾರೆ. ಬಿದ್ದಿಲ್ಲ. ಆದರೆ ಫೆಬ್ರವರಿಯ ಆ ಕೆಂಪಿನಲ್ಲಿ ರೊಟ್ಟಿಯದೆಷ್ಟು, ಮಾತ್ರೆಯದೆಷ್ಟು ಎಂಬುದನ್ನು ಬೇರೆ ಮಾಡಿ ಹೇಳಲು ಇಂದಿಗೂ ಆಗಿಲ್ಲ. ಆಗ ಅಲ್ಲಿ ಕ್ಯಾಮೆರಾ ಇರಲಿಲ್ಲ, ನೋಡಿದ ಕಣ್ಣು ಲಕ್ಷ್ಮವ್ವನವರದು ಮಾತ್ರ, ಅವರು ನೋಡುತ್ತಿದ್ದದ್ದು ರೊಟ್ಟಿಯನ್ನು. ಮಾತ್ರೆ ಕತ್ತರಿಸಿದ್ದು ಪೂರ್ತಿ ತಪ್ಪಾಗಿತ್ತೋ, ಅರ್ಧ ತಪ್ಪಾಗಿತ್ತೋ ರಂಜನಿಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಈ ಪ್ರಮಾಣ ಇನ್ನೆಷ್ಟು ತಿಂಗಳು ಅವರ ಮೈಗೆ ಒಗ್ಗೀತು ಎಂಬುದೂ ಗೊತ್ತಿಲ್ಲ.